3 ಟನ್ ಟ್ಯಾಂಕ್ ಎತ್ತಲು 2 ಟನ್ನಿನ ಎರಡು ಬೆಲ್ಟ್ ಸಾಕಾ?

ನೀವು ಕೇಳಿರೋದು ಇಷ್ಟು: ವಸಂತನರಸಾಪುರದ ಶೆಡ್‌ನಲ್ಲಿರುವ 3 ಟನ್ನಿನ ಉದ್ದನೆಯ ಸ್ಟೀಲ್ ಟ್ಯಾಂಕನ್ನು ಪಕ್ಕದ ಶೆಡ್‌ಗೆ ಸಾಗಿಸಬೇಕು, ಮೇಲೆ ಎರಡು ಲಗ್ (ಎತ್ತಲು ವೆಲ್ಡ್ ಮಾಡಿದ ತೂತಿನ ಕಿವಿ) ಇವೆ, 2 ಟನ್ನಿನ ಹಸಿರು ಬೆಲ್ಟ್ ಎರಡಿವೆ, 14 ಟನ್ನಿನ ಹೈಡ್ರಾ (ಭಾರ ಹೊತ್ತು ಓಡಾಡುವ ಕ್ರೇನ್) ಬಾಡಿಗೆಗೆ ಬರುತ್ತದೆ. ಎರಡೆರಡ್ಲಿ ನಾಲ್ಕು, ಸಾಕಲ್ವಾ?

ಸಾಕಾಗಬಹುದು, ಕೈ ಕೊಡಲೂಬಹುದು. ತುಮಕೂರಿನ ಈ ಕಡೆ ಮೆಷಿನ್ ಇಳಿಸಿ ಕೂರಿಸುವ ಕೆಲಸ ನನ್ನದು, ಈ ‘ಎರಡೆರಡ್ಲಿ ನಾಲ್ಕು’ ಲೆಕ್ಕ ಹೋದಲ್ಲೆಲ್ಲ ಕೇಳುತ್ತೇನೆ. ಬೆಲ್ಟ್ ಮೇಲೆ ಬರೆದ 2 ಟನ್ ಅನ್ನೋದು ಅದು ನೇರ ಕೆಳಗೆ ಜೋತುಬಿದ್ದಾಗ ಮಾತ್ರ. ಒಂದೇ ಕೊಕ್ಕೆಯಿಂದ ಎರಡು ಬೆಲ್ಟ್ ಅಗಲವಾಗಿ ಹೋದರೆ ಲೆಕ್ಕ ಬೇರೆ. ತುಂಬಿದ ಕೊಡಪಾನವನ್ನು ಇಬ್ಬರು ಹತ್ತಿರ ನಿಂತು ಹಿಡಿದು ನೋಡಿ, ಆಮೇಲೆ ದೂರ ದೂರ ನಿಂತು ಹಿಡಿದು ನೋಡಿ, ತೋಳಿಗೆ ಗೊತ್ತಾಗುತ್ತದೆ.

ನಿಮ್ಮ ಲಗ್‌ಗಳ ನಡುವೆ 4 ಮೀಟರ್ ಇದೆ ಅಂದುಕೊಳ್ಳಿ. ಬೆಲ್ಟೂ 4 ಮೀಟರ್ ಇದ್ದರೆ ಒಂದೊಂದರ ಮೇಲೆ ಸುಮಾರು 1.73 ಟನ್ ಬೀಳುತ್ತದೆ, ನಡೆಯುತ್ತದೆ. 3 ಮೀಟರ್ ಬೆಲ್ಟ್ ಹಾಕಿದರೆ 2 ಟನ್ ಮುಟ್ಟಿಬಿಡುತ್ತದೆ. ಶೆಡ್ ಎತ್ತರ ಸಾಲದು ಅಂತ 2.3 ಮೀಟರ್ ಬೆಲ್ಟ್ ಹಾಕಿದಿರೋ, ಒಂದೊಂದು ಬೆಲ್ಟೂ ಪೂರ್ತಿ 3 ಟನ್ ಹೊರಬೇಕು! ಅದಕ್ಕೇ ನಾನು ಟೇಪ್ ಹಿಡಿದು ಒಂದೇ ವಿಷಯ ನೋಡುತ್ತೇನೆ: ಲಗ್‌ಗಳ ನಡುವಿನ ಅಂತರಕ್ಕಿಂತ ಬೆಲ್ಟ್ ಚಿಕ್ಕದಿದ್ದರೆ ಆ ಬೆಲ್ಟ್ ಬೇಡ. ಲಗ್‌ಗೆ ಕಟ್ಟದೆ ಟ್ಯಾಂಕ್ ಸುತ್ತ ಸುರುಳಿ ಹಾಕಿ ಬಿಗಿದರೆ 2 ಟನ್ನಿನ ಬೆಲ್ಟ್ 1.6 ಟನ್ನಿಗೆ ಇಳಿಯುತ್ತದೆ, ಆಗ 4 ಮೀಟರ್ ಬೆಲ್ಟೂ ಸಾಲದು. ಸುಮ್ನೆ 3 ಟನ್ನಿನ ಹಳದಿ ಬೆಲ್ಟ್ ತನ್ನಿ, ಉದ್ದದ್ದನ್ನೇ.

ಬೆಲ್ಟಿನ ಕಣ್ಣನ್ನು, ಅಂದರೆ ತುದಿಯ ಕುಣಿಕೆಯನ್ನು, ಲಗ್‌ನ ತೂತಿಗೆ ನೇರ ತೂರಿಸಬೇಡಿ, ಅಂಚು ಕೊಯ್ಯುತ್ತದೆ. ನಡುವೆ ಡಿ ಶ್ಯಾಕಲ್ (ಡಿ ಆಕಾರದ ಸ್ಟೀಲ್ ಕೊಂಡಿ) ಹಾಕಿ, ಅದರದ್ದೇ ಪಿನ್ ಹಾಕಿ. ಪಿನ್ ಕಳೆದಿದೆ ಅಂತ ಯಾವುದೋ ಬೋಲ್ಟ್ ತೂರಿಸಿದ್ದನ್ನು ನೋಡಿದ್ದೇನೆ, ಭಾರ ಬಿದ್ದಾಗ ಅದು ಬಾಗುತ್ತದೆ. ಹಳೇ ಟ್ಯಾಂಕಾದರೆ ಲಗ್‌ನ ವೆಲ್ಡಿಂಗ್ ಬುಡವನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಬಿರುಕು ಇದೆಯಾ ನೋಡಿ, ತುಕ್ಕಿನ ಕೆಳಗೆ ಅದು ಕಾಣಲ್ಲ. ಎಷ್ಟು ಟನ್ ಅಂತ ಬರೆದ ಚೀಟಿ ಕಿತ್ತುಹೋದ, ಅಂಚು ಹರಿದ, ಗಂಟು ಹಾಕಿದ ಬೆಲ್ಟ್ ಪಕ್ಕಕ್ಕಿಡಿ. ಲಿಫ್ಟಿಂಗ್ ಸಾಮಾನನ್ನು ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ತಪಾಸಣೆ ಮಾಡಿಸಬೇಕು ಅನ್ನೋದು 1948ರ ಫ್ಯಾಕ್ಟರೀಸ್ ಆಕ್ಟ್ ಕಾಲದಿಂದಲೂ ಇದೆ, ಚಿಕ್ಕ ಶೆಡ್‌ಗಳಲ್ಲಿ ಯಾರೂ ಕೇಳಲ್ಲ ಅಷ್ಟೇ.

ಇನ್ನೊಂದು, ಆ 3 ಟನ್ ಖಾಲಿ ಟ್ಯಾಂಕಿನ ತೂಕ ತಾನೆ? ಒಳಗೆ ಸಾವಿರ ಲೀಟರ್ ನೀರು ಉಳಿದಿದ್ದರೆ ಇನ್ನೊಂದು ಟನ್ ಸೇರಿತು. ಎತ್ತಿದಾಗ ಟ್ಯಾಂಕ್ ಸ್ವಲ್ಪ ವಾಲಿದರೂ ಆ ನೀರೆಲ್ಲ ತಗ್ಗಿದ ಕಡೆಗೇ ಓಡುತ್ತದೆ. ವಾಲ್ವ್ ತೆರೆದು ಪೂರ್ತಿ ಬಸಿಯಿರಿ.

ಹೈಡ್ರಾದ 14 ಟನ್ನೂ ಹಾಗೇ, ಬೂಮ್ (ಕ್ರೇನಿನ ತೋಳು) ಒಳಗೆಳೆದುಕೊಂಡು ಭಾರ ಹತ್ತಿರ ಇದ್ದಾಗಿನ ಮಾತು. ಬೂಮ್ ಉದ್ದ ಆದಷ್ಟೂ ತಾಕತ್ತು ಇಳಿಯುತ್ತದೆ, ಬೂಮ್ ಎಷ್ಟು ಚಾಚಿದರೆ ಎಷ್ಟು ಎತ್ತಬಹುದು ಅನ್ನೋ ಲೋಡ್ ಚಾರ್ಟನ್ನು ಆಪರೇಟರ್ ಹತ್ತಿರ ಕೇಳಿ. ಭಾರ ಹೊತ್ತು ಜೋರಾಗಿ ತಿರುಗಿಸಿದರೆ ಪಕ್ಕಕ್ಕೆ ಮಗುಚುತ್ತದೆ. ದಾರಿಯಲ್ಲಿ ಚರಂಡಿ ಮುಚ್ಚಿರುವ ಚಪ್ಪಡಿ ಇದ್ದರೆ ಅದರ ಮೇಲೆ ಚಕ್ರ ಹತ್ತಿಸಬೇಡಿ. ಮೊದಲು ಅರ್ಧ ಅಡಿ ಎತ್ತಿ ನಿಲ್ಲಿಸಿ, ಒಂದು ಕಡೆ ತಗ್ಗಿದರೆ ಇಳಿಸಿ ಮತ್ತೆ ಕಟ್ಟಿ. ಹೋಗುವಾಗಲೂ ಒಂದಡಿಗಿಂತ ಜಾಸ್ತಿ ಎತ್ತರ ಬೇಡ. ಹುಡುಗರು ಟ್ಯಾಂಕ್ ಓಲಾಡದಂತೆ ಕೈಯಲ್ಲಿ ಹಿಡಿದು ಹೈಡ್ರಾ ಮುಂದೆಯೇ ನಡೆಯುತ್ತಾರೆ, ಬಯ್ದಾದರೂ ಬಿಡಿಸಿ. ಎರಡೂ ತುದಿಗೆ ಹಗ್ಗ ಕಟ್ಟಿ, ದೂರದಿಂದ ಹಿಡಿಯಲಿ. ಸನ್ನೆ ಮಾಡುವವನು ಒಬ್ಬನೇ ಇರಲಿ.

ಲಗ್‌ಗಳ ಅಂತರ, ಬೆಲ್ಟಿನ ಉದ್ದ, ಶೆಡ್ ಬಾಗಿಲಿನ ಎತ್ತರ ಎಷ್ಟೆಷ್ಟು ಅಂತ ಕೆಳಗೆ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.