ಫಂಕ್ಷನ್‌ನಲ್ಲಿ ಎರರ್ ಬಂದರೂ ಓದಿದ ಡೇಟಾ ಸಿಗಬೇಕೆ?

ಪ್ರಶ್ನೆ: ಅಂಗಡಿ ಬಿಲ್‌ಗಳ ಸಿಎಸ್‌ವಿ ಫೈಲ್ (ಕಾಮಾದಿಂದ ಬೇರ್ಪಡಿಸಿದ ಮಾಹಿತಿಯ ಫೈಲ್) ಓದಲು ಪೈಥಾನ್‌ನಲ್ಲಿ ಒಂದು ಫಂಕ್ಷನ್ ಬರೆದಿದ್ದೇನೆ. ಒಟ್ಟು 500 ಸಾಲು. 312ನೇ ಸಾಲಿನಲ್ಲಿ ಮೊತ್ತ ‘1,250’ ಅಂತಿದೆ. ಅದನ್ನು ಸಂಖ್ಯೆಯಾಗಿಸಲು ಹೋದಾಗ ವ್ಯಾಲ್ಯೂಎರರ್ ಬರುತ್ತದೆ, ಅದುವರೆಗೆ ಓದಿದ 311 ಸಾಲೂ ಕೈತಪ್ಪುತ್ತವೆ. ಎರರ್ ಬಂದದ್ದೂ ಗೊತ್ತಾಗಬೇಕು, ಓದಿದ್ದೂ ಉಳಿಯಬೇಕು. ಫೈನಲಿ ಬ್ಲಾಕ್‌ನಲ್ಲಿ (ಎರರ್ ಬಂದರೂ ಬಾರದಿದ್ದರೂ ಕೊನೆಗೆ ಓಡುವ ಭಾಗ) ರಿಟರ್ನ್ ಹಾಕು ಅಂತ ಗೆಳೆಯ ಹೇಳಿದ. ಹಾಕಲೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಫೈನಲಿಯಲ್ಲಿ ರಿಟರ್ನ್ ಇದ್ದರೆ ಎರರ್ ಸದ್ದಿಲ್ಲದೆ ಮಾಯವಾಗುತ್ತದೆ. 311 ಸಾಲು ಸಿಗುತ್ತವೆ ನಿಜ. ಆದರೆ ಫೈಲ್‌ನಲ್ಲಿ ಇದ್ದದ್ದೇ ಅಷ್ಟು ಅಂತ ಉಳಿದ ಪ್ರೋಗ್ರಾಂ ನಂಬಿಬಿಡುತ್ತದೆ. ಮಧ್ಯದಲ್ಲಿ ಪ್ರೋಗ್ರಾಂ ನಿಲ್ಲಿಸಲು ನೀವು ಕಂಟ್ರೋಲ್-ಸಿ ಒತ್ತಿದರೂ ಅದನ್ನೂ ನುಂಗಿಹಾಕುತ್ತದೆ. ಪೈಥಾನ್ 3.14ರಿಂದ ಇಂಥ ಕೋಡ್‌ಗೆ ಸಿಂಟ್ಯಾಕ್ಸ್‌ವಾರ್ನಿಂಗ್ ಎಂಬ ಎಚ್ಚರಿಕೆ ಕೂಡ ಬರುತ್ತದೆ.

ಫಂಕ್ಷನ್‌ನಿಂದ ಹೊರಬರಲು ದಾರಿ ಎರಡೇ: ರಿಟರ್ನ್ (ಫಲಿತಾಂಶ ಕೊಟ್ಟು ಮರಳುವುದು) ಇಲ್ಲವೇ ರೈಸ್ (ಎರರ್ ಎಸೆಯುವುದು). ರೈಸ್ ಆದರೆ, ಫಂಕ್ಷನ್ ಕರೆದ ಸಾಲಿನ ಎಡಗಡೆಯ ವೇರಿಯಬಲ್‌ಗೆ ಏನೂ ಬಂದು ಸೇರುವುದಿಲ್ಲ. ಹಾಗಾಗಿ ಡೇಟಾವನ್ನು ಎರರ್ ಜೊತೆಗೇ ಕಳಿಸಿ. ಪೈಥಾನ್‌ನ ‘ಎಕ್ಸೆಪ್ಶನ್’ ಎಂಬ ಎರರ್ ಕ್ಲಾಸ್‌ನಿಂದ ನಿಮ್ಮದೇ ಒಂದು ಕ್ಲಾಸ್ ಮಾಡಿ, ‘ಬಿಲ್‌ಎರರ್’ ಅಂತಿಟ್ಟುಕೊಳ್ಳೋಣ. ಓದಿದ ಸಾಲುಗಳ ಲಿಸ್ಟನ್ನೂ ಕೆಟ್ಟ ಸಾಲಿನ ನಂಬರನ್ನೂ ಅದರ ಆಟ್ರಿಬ್ಯೂಟ್‌ಗಳಾಗಿ (ಅದರೊಳಗಿನ ಹೆಸರಿಟ್ಟ ಮಾಹಿತಿಯಾಗಿ) ಇಡಿ. ವ್ಯಾಲ್ಯೂಎರರ್ ಹಿಡಿದು, ಅದರಿಂದ ‘ರೈಸ್ ಫ್ರಮ್’ ಮೂಲಕ ಬಿಲ್‌ಎರರ್ ಎಸೆಯಿರಿ. ಆಗ ಮೂಲ ಕಾರಣವೂ ಟ್ರೇಸ್‌ಬ್ಯಾಕ್‌ನಲ್ಲಿ (ಎರರ್ ಎಲ್ಲಿಂದ ಬಂತೆಂದು ಪೈಥಾನ್ ತೋರಿಸುವ ವರದಿ) ಕಾಣುತ್ತದೆ. ಇದೇನು ಕಳ್ಳದಾರಿ ಅಲ್ಲ. ಪೈಥಾನ್‌ನದೇ ಅಸಿಂಕ್‌ಐಒ ಲೈಬ್ರರಿಯಲ್ಲಿ ಇನ್‌ಕಂಪ್ಲೀಟ್‌ರೀಡ್‌ಎರರ್ ಅಂತ ಒಂದಿದೆ. ಅದುವರೆಗೆ ಓದಿದ ಬೈಟ್‌ಗಳು ಅದರ ‘ಪಾರ್ಷಲ್’ ಆಟ್ರಿಬ್ಯೂಟ್‌ನಲ್ಲಿ ಇರುತ್ತವೆ.

ಒಂದು ಕಡೆ ಮಾತ್ರ ಜಾಸ್ತಿ ಜನ ಎಡವುತ್ತಾರೆ. ‘ಎಕ್ಸೆಪ್ಟ್ ಬಿಲ್‌ಎರರ್ ಆಸ್ ಇ’ ಅಂತ ಬರೆದಿರಿ ಅನ್ನಿ. ಬ್ಲಾಕ್ ಮುಗಿದ ಕೂಡಲೇ ಆ ‘ಇ’ ಹೆಸರನ್ನು ಪೈಥಾನ್ 3 ಅಳಿಸಿಬಿಡುತ್ತದೆ. ಹೊರಗೆ ಬಂದು ‘ಇ’ ಹುಡುಕಿದರೆ ನೇಮ್‌ಎರರ್. ಬೇಕಾದ ಲಿಸ್ಟನ್ನು ಬ್ಲಾಕ್ ಒಳಗೇ ಬೇರೆ ಹೆಸರಿಗೆ ಹಾಕಿಟ್ಟುಕೊಳ್ಳಿ.

ಇಷ್ಟು ಹೇಳಿದರೂ, ನಿಮ್ಮ ಕೆಲಸಕ್ಕೆ ಇದೆಲ್ಲ ಬೇಕಾ ಅಂತ ನನಗೆ ಅನುಮಾನ. ಒಂದು ಸಾಲು ಕೆಟ್ಟಿದೆ ಅಂತ ಮುಂದಿನ 188 ಸಾಲು ಸುಮ್ನೆ ಯಾಕೆ ಬಿಡಬೇಕು, ಅಲ್ವಾ? ಟ್ರೈ-ಎಕ್ಸೆಪ್ಟ್ ಅನ್ನು ಲೂಪ್ ಒಳಗಿಡಿ. ಸರಿಯಾದವು ಒಂದು ಲಿಸ್ಟ್‌ಗೆ, ಕೆಟ್ಟವು ಇನ್ನೊಂದಕ್ಕೆ. ಕೊನೆಗೆ ಎರಡನ್ನೂ ರಿಟರ್ನ್ ಮಾಡಿ. ಫೈಲೇ ಸಿಗದಿದ್ದರೆ ಆಗ ರೈಸ್ ಆಗಲಿ.

ಇನ್ನು ಆ ‘1,250’. ಇಂಟ್‌ಗೆ (ಅಕ್ಷರರೂಪದ ಅಂಕಿಯನ್ನು ಪೂರ್ಣಾಂಕವಾಗಿಸುವ ಫಂಕ್ಷನ್) ಕೊಡುವ ಮೊದಲು ರಿಪ್ಲೇಸ್ ಬಳಸಿ ಕಾಮಾ ತೆಗೆಯಿರಿ. ಅಂದ ಹಾಗೆ, ಕನ್ನಡ ಅಂಕಿಯಲ್ಲಿ ‘೧೨೫೦’ ಅಂತ ಇದ್ದರೂ ಇಂಟ್ ಸಲೀಸಾಗಿ ಓದುತ್ತದೆ. ಕಾಮಾ ಕಂಡರೇ ಅದಕ್ಕೆ ಆಗುವುದಿಲ್ಲ.