ಬಣ್ಣ ಬಳಿಯುವ ಮೊದಲು ಡೆಕ್ ತಟ್ಟಿ ನೋಡಿ

ನಿಮ್ಮ 1979ರ ಕ್ಯಾಟಲಿನಾ 27 ಹಾಯಿದೋಣಿಯ ಡೆಕ್ಕಿನ (ಓಡಾಡುವ ಮೇಲ್ತಟ್ಟಿನ) ಉಬ್ಬುಗೆರೆಗಳು ಸವೆದು ಕಾಲು ಜಾರುತ್ತಿದೆ, ನೇರವಾಗಿ ಬಣ್ಣ ಬಳಿಯಬಹುದೇ ಎಂದು ಕೇಳಿದ್ದೀರಿ. ಬೇಡ. ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೂ ತಟ್ಟುತ್ತಾ ಹೋಗಿ. ಟಣ್ ಎಂದರೆ ಗಟ್ಟಿ. ಸದ್ದು ಮಂಕಾದರೆ ಒಳಗಿನ ಮರದ ಪದರಕ್ಕೆ ನೀರು ಇಳಿದಿರಬಹುದು. ಡೆಕ್ಕಿನ ಅಂಚಿನ ಬೇಲಿಕಂಬಿಗಳ ಬುಡದಲ್ಲಿ ಈ ಕಾಟ ಹೆಚ್ಚು. ಅದನ್ನು ಸರಿಪಡಿಸದೆ ಮೇಲೆ ಬಳಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಮುಂದಿನ ಶತ್ರು ಹಳೆಯ ಮೇಣ. ಮರಳುಕಾಗದ ಮುಟ್ಟುವ ಮೊದಲೇ ಮೇಣ ತೆಗೆಯುವ ದ್ರಾವಕದಿಂದ ಒರೆಸಿ, ಬಟ್ಟೆಯನ್ನು ಆಗಾಗ ಬದಲಿಸಿ. ಮೊದಲೇ ಉಜ್ಜಿದರೆ ಮೇಣ ಗೀರುಗಳೊಳಗೆ ಕೂರುತ್ತದೆ, ಆಮೇಲೆ ಬಣ್ಣ ಸಿಪ್ಪೆ ಏಳುತ್ತದೆ.

ನನ್ನ ಮತ ಕಿವಿಗ್ರಿಪ್ ಎಂಬ, ಕಾಲು ಜಾರದಂತೆ ಹಿಡಿಯುವ ಡೆಕ್ ಬಣ್ಣಕ್ಕೆ. ನೀರು ಆಧಾರಿತ ಅಕ್ರಿಲಿಕ್. ದಪ್ಪಗೆ ಹರಡಿ ಅದರದೇ ರೋಲರ್ ಉರುಳಿಸಿದರೆ ಮೇಲ್ಮೈ ಮುಳ್ಳುಮುಳ್ಳಾಗಿ ಏಳುತ್ತದೆ. ಒಂದು ಸಲಕ್ಕೆ ಚಿಕ್ಕ ಜಾಗ ಮಾತ್ರ ಹಿಡಿಯಿರಿ, ಅಂಚಿಗೆ ಅಂಟಿಸಿದ ಟೇಪನ್ನು ಬಣ್ಣ ಹಸಿಯಿರುವಾಗಲೇ ಕೀಳಿ. ಕಡುಬಣ್ಣವಾದರೆ ಬಿಸಿಲಿಗೆ ಅಂಗಾಲು ಸುಡುತ್ತದೆ, ಅಚ್ಚ ಬಿಳಿ ಕಣ್ಣಿಗೆ ಹೊಡೆಯುತ್ತದೆ. ತಿಳಿ ಬೂದು ಒಳ್ಳೆಯದು.

ಆಮೇಲೆ ಸೋಪುನೀರು, ಮೆತ್ತನೆಯ ಬ್ರಷ್ ಸಾಕು. ಬಣ್ಣದ ಮೇಲೆ ಯಾವ ಕಾರಣಕ್ಕೂ ಪಾಲಿಶ್ ಹಚ್ಚಬೇಡಿ.