ಬ್ರಿಡ್ಜ್‌ಮೇಟ್‌ನಲ್ಲಿ ತಪ್ಪು ಒತ್ತಿದರೆ ಸ್ಕೋರ್ ಹೋಯ್ತಾ?

ಇಸ್ಪೀಟಿನ ಬ್ರಿಡ್ಜ್ ಆಟದಲ್ಲಿ ಸೌತ್ ಆಡಿ ಗೆದ್ದ 4 ಸ್ಪೇಡ್ಸನ್ನು (10 ಪಟ್ಟು ಗೆಲ್ಲುವ ಪಣ) ಜೊತೆಗಾರ ನಾರ್ತ್, ಸ್ಕೋರ್ ದಾಖಲಿಸುವ ಬ್ರಿಡ್ಜ್‌ಮೇಟ್ ಯಂತ್ರದಲ್ಲಿ, ಎದುರಾಳಿ ಈಸ್ಟ್ ಹೆಸರಿಗೆ ಒತ್ತಿಬಿಟ್ಟರು, ಎದುರಿನವರೂ ಒಪ್ಪಿಗೆ ಕೊಟ್ಟರು, ಇನ್ನು ತಿದ್ದಬಹುದಾ ಅಂತ ಕೇಳಿದ್ದೀರಿ. ಖಂಡಿತ ತಿದ್ದಬಹುದು, ಗಾಬರಿ ಬೇಡ. ಬ್ರಿಡ್ಜ್‌ಮೇಟ್ ಬರೀ ಬರೆದಿಡುವ ಯಂತ್ರ, ಮೇಜಿನಲ್ಲಿ ಆಗಿದ್ದೇ ಲೆಕ್ಕ. ಪಂದ್ಯ ನಡೆಸುವ ಡೈರೆಕ್ಟರನ್ನು ಕರೆಯಿರಿ, ಅವರು ಸರಿ ಮಾಡುತ್ತಾರೆ. ಆಯೋಜಕರು ಬೇರೆ ಗಡುವು ಇಟ್ಟಿಲ್ಲ ಅಂದರೆ, ಫಲಿತಾಂಶ ನೋಡಲು ಸಿಕ್ಕ ಮೇಲೆ 30 ನಿಮಿಷ ಸಮಯ ಇರುತ್ತದೆ (ನಿಯಮ 79). ಆದರೂ ತಡ ಮಾಡಬೇಡಿ. ವಲ್ನರಬಲ್ (ಬೋನಸ್, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಅಲ್ಲದ ಬೋರ್ಡಿನಲ್ಲಿ, ಅಂದರೆ ಹಂಚಿದ ಆಟದಲ್ಲಿ, ನಿಮ್ಮ 420 ಅವರಿಗೆ ಹೋದರೆ 840ರ ವ್ಯತ್ಯಾಸ. ಸುಮ್ನೆ ಬಿಡುವ ಮಾತಾ! ಅದೇ ಬೋರ್ಡ್ ಆಡಿದ ಬೇರೆ ಜೋಡಿಗಳ ಮ್ಯಾಚ್‌ಪಾಯಿಂಟೂ (ಜೋಡಿಗಳ ಸ್ಕೋರ್ ಹೋಲಿಸಿ ಕೊಡುವ ಅಂಕ) ಏರುಪೇರಾಗುತ್ತದೆ.

ತಪ್ಪು ಜಾಸ್ತಿ ಆಗುವುದು ದಿಕ್ಕಿನ ಗುಂಡಿಯಲ್ಲೇ. ಪರದೆ ಓದದೆ ಒಪ್ಪಿಗೆ ಒತ್ತುವವರೂ ಇದ್ದಾರೆ. ನಾನೂ ಒತ್ತಿದ್ದೇನೆ, ಹರಟೆಯ ನಡುವೆ.